ಸಾರ್ವಜನಿಕ ಹಣಕ್ಕೆ ಗುಟ್ಟೇಕೆ?

ಅಮೆರಿಕದ ಗ್ರಾಮೀಣ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ) ಯಾವ ರೈತನಿಗೆ ಎಷ್ಟು ಸಹಾಯಧನ ಸಂದಿದೆ ಎಂಬುದನ್ನು ಹೆಸರುಸಹಿತ ಪಟ್ಟಿ ಮಾಡಿ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟಿರುವುದು ದುಡಿಯುವವರ ಮಾನ ಕಳೆಯುವ ಕೆಲಸವೆಂದೂ, ಚಿಕ್ಕ ಊರುಗಳಲ್ಲಿ ನೆರೆಹೊರೆಯವರ ನಡುವೆ ಅದು ಅಸೂಯೆ ಬಿತ್ತುತ್ತದೆಂದೂ ನೀವು ಬರೆದಿದ್ದೀರಿ. ಪತ್ರದಲ್ಲಿರುವ ಮರುಕ ನನಗೆ ಮೆಚ್ಚುಗೆಯಾಯಿತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಒಬ್ಬರ ಆದಾಯ ಹತ್ತು ಮಂದಿಯ ಬಾಯಿಗೆ ಬೀಳುವುದು ನೋವಿನ ಸಂಗತಿಯೇ. ಆದರೆ ಅಲ್ಲಿಂದ ಮುಂದಕ್ಕೆ ನಿಮ್ಮೊಡನೆ ಹೆಜ್ಜೆ ಹಾಕಲು ನನ್ನಿಂದಾಗದು.

ನೀವು ದುಡಿಯುವವರ ಮಾನದ ಮಾತೆತ್ತಿದ್ದೀರಿ. ಈ ಹಣ ಯಾವಾಗಲೂ ದುಡಿಯುವವರ ಕೈಗೇ ಹೋಗಿದೆಯೇ ಎಂಬುದನ್ನು ಮೊದಲು ನೋಡೋಣ. 1933ರ ಕೃಷಿ ಹೊಂದಾಣಿಕೆ ಕಾಯ್ದೆಯಡಿ, ಬೆಲೆ ಏರಲೆಂದು, ಬೆಳೆದು ನಿಂತಿದ್ದ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಲಾಯಿತು. ಪರಿಹಾರದ ಚೆಕ್ಕು ಬಂದದ್ದು ಭೂಮಾಲೀಕರ ಹೆಸರಿಗೆ. ಪಾಲಿಗೆ ಉಳುತ್ತಿದ್ದವರಿಗೆ ಅದರಲ್ಲಿ ಭಾಗ ಕೊಡಬೇಕೆಂಬ ನಿಯಮವಿದ್ದರೂ ಹಲವರು ಕೊಡಲಿಲ್ಲ; ಬೆಳೆಯುವ ನೆಲ ಕಡಿಮೆಯಾದ್ದರಿಂದ ಆಳು ಬೇಡವೆಂದು ಎಷ್ಟೋ ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. 1934ರಲ್ಲಿ ಆರ್ಕನ್ಸಾ ರಾಜ್ಯದ ಟೈರೋನ್ಜಾ ಎಂಬಲ್ಲಿ ಕರಿಯರೂ ಬಿಳಿಯರೂ ಒಟ್ಟಾಗಿ ದಕ್ಷಿಣದ ಗೇಣಿದಾರರ ಸಂಘ ಕಟ್ಟಿದ್ದು ಈ ಅನ್ಯಾಯದ ಎದುರಿಗೇ. ಜನಾಂಗ ಭೇದ ಅಷ್ಟು ಬಿಗಿಯಾಗಿದ್ದ ನಾಡಿನಲ್ಲಿ ಅವರು ಒಂದೇ ಸಂಘದಲ್ಲಿ ಕೂತರೆಂದರೆ ಸಂಕಟ ಎಷ್ಟಿತ್ತೆಂದು ಊಹಿಸಿಕೊಳ್ಳಿ. ಯಾರ ಹೆಸರಿಗೆ ಎಷ್ಟು ಬಂತೆಂಬ ಪಟ್ಟಿ ಅಂದು ಊರ ಮುಂದೆ ಇದ್ದಿದ್ದರೆ, ತಮ್ಮ ಪಾಲು ಕೇಳಲು ಆ ಬಡವರಿಗೆ ಒಂದು ಆಧಾರವಾದರೂ ಸಿಗುತ್ತಿತ್ತು.

ಇಂದಿನ ಏರ್ಪಾಡಿನಲ್ಲೂ ಹಣ ನೆಲದ ಹಿಂದೆಯೇ ಹೋಗುತ್ತದೆ. 2014ರ ಕೃಷಿ ಕಾಯ್ದೆ ತಂದ ಕೌಂಟಿ ಆದಾಯ ಖಾತರಿಯನ್ನೇ ನೋಡಿ. ಒಂದು ಬೆಳೆಯಿಂದ ಇಡೀ ಕೌಂಟಿಗೆ ಬಂದ ಎಕರೆವಾರು ಆದಾಯ ಹಿಂದಿನ ವರ್ಷಗಳ ಮಾನದಂಡದ ಶೇ. 86ಕ್ಕಿಂತ ಕೆಳಗಿಳಿದರೆ ಹಣ ಬರುತ್ತದೆ ಎಂಬುದು ಆ ಕಾಯ್ದೆ ಹಾಕಿದ ಸೂತ್ರ. ಆಲಿಕಲ್ಲಿಗೆ ಸಿಕ್ಕಿ ನೆಲಕಚ್ಚಿದ ಒಬ್ಬನ ಹೊಲಕ್ಕೆ, ಕೌಂಟಿಯ ಉಳಿದ ಭಾಗ ಚೆನ್ನಾಗಿ ಬೆಳೆದಿದ್ದರೆ, ಇದರಿಂದ ಬಿಡಿಗಾಸೂ ಇಲ್ಲ. ಲೆಕ್ಕಕ್ಕೆ ಹಿಡಿಯುವುದೂ ಈ ವರ್ಷ ಬಿತ್ತಿದ ನೆಲವನ್ನಲ್ಲ, ಹಿಂದೆಂದೋ ದಾಖಲಾದ ಮೂಲ ಎಕರೆಯನ್ನು. ಜೋಳ, ಸೋಯಾ, ಗೋಧಿ, ಭತ್ತ, ಹತ್ತಿ ಮುಂತಾದವಕ್ಕೆ ಈ ಆಸರೆಯುಂಟು. ಹಣ್ಣು ತರಕಾರಿ ಬೆಳೆಯುವವರು ಇದರ ಹೊರಗೆ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಎಂದು ಅದೇ ಕಾಯ್ದೆ ಮಿತಿ ಹಾಕಿತ್ತು. ಆದರೆ 2018ರ ಕಾಯ್ದೆ ಕುಟುಂಬದ ವ್ಯಾಖ್ಯೆಯನ್ನು ಹಿಗ್ಗಿಸಿ, ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳನ್ನೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನೂ ಒಳಗೆ ಸೇರಿಸಿತು. ಒಂದೇ ಒಕ್ಕಲುತನದಲ್ಲಿ ಹೆಸರು ಹೆಚ್ಚಿದಷ್ಟೂ ಮಿತಿ ಸಡಿಲವಾಗುತ್ತದೆ. ಇಂಥದ್ದನ್ನು ಒಟ್ಟು ಮೊತ್ತದಲ್ಲಿ ಕಾಣಲು ಸಾಧ್ಯವೇ ಇಲ್ಲ, ಹೆಸರುಗಳ ಪಟ್ಟಿಯಲ್ಲಿ ಮಾತ್ರ ಕಾಣಬಹುದು.

ಈ ಪಟ್ಟಿಯೂ ಸುಲಭವಾಗಿ ಸಿಕ್ಕದ್ದಲ್ಲ. ಹತ್ತಿ ಸಹಾಯಧನ ಪಡೆದವರ ಹೆಸರಿಗಾಗಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಕೋರ್ಟಿಗೆ ಹೋಗಬೇಕಾಯಿತು, 1996ರಲ್ಲಿ ಗೆದ್ದಿತು. ಅನಂತರ ಎನ್‌ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಕೌಂಟಿವಾರು ವಿವರಗಳನ್ನು ಜೋಡಿಸಿ ಜನರ ಮುಂದಿಟ್ಟಿತು. ಸಣ್ಣ ರೈತನಿಗೆ ಇದರಿಂದ ಅವಮಾನವೆಂದು ನೀವು ಭಾವಿಸಿದ್ದೀರಿ. ದಯವಿಟ್ಟು ಯಾವುದಾದರೂ ಒಂದು ಕೌಂಟಿಯ ಪಟ್ಟಿಯನ್ನು ಸಾವಧಾನವಾಗಿ ಓದಿ ನೋಡಿ. ತನಗೆ ಸಿಕ್ಕಿದ್ದು ಎಷ್ಟು ಕಡಿಮೆಯೆಂದು ತೋರಿಸಲು ಸಣ್ಣವನಿಗೆ ಬೇರೆ ಯಾವ ದಾಖಲೆ ಇದೆ?

ನಿಮ್ಮ ಕಾಳಜಿಯನ್ನು ಇನ್ನೊಂದು ಕಡೆಗೂ ತಿರುಗಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಬೆಳೆವಿಮೆಯ ಕಂತಿನಲ್ಲಿ ಸರಾಸರಿ ಸುಮಾರು ಶೇ. 60ರಷ್ಟನ್ನು ಸರ್ಕಾರವೇ ತುಂಬುತ್ತದೆ. ಆ ನೆರವಿಗೆ ಒಬ್ಬರಿಗೆ ಇಷ್ಟೇ ಎಂಬ ಮಿತಿ ಇಲ್ಲ. ಪಡೆದವರ ಹೆಸರನ್ನು ಬಹಿರಂಗಪಡಿಸಲು ಕಾನೂನು ಬಿಡುವುದಿಲ್ಲ. ಹೆಚ್ಚು ಎಕರೆ ಇದ್ದವರಿಗೆ ಹೆಚ್ಚು ನೆರವು ಸಿಗುವ ಈ ಬಾಬತ್ತಿನಲ್ಲಿ, ತೆರಿಗೆ ಕಟ್ಟುವ ಪ್ರಜೆ ತನ್ನ ಕೌಂಟಿಯಲ್ಲಿ ಯಾರಿಗೆ ಎಷ್ಟು ಹೋಯಿತೆಂದು ಕೇಳಿದರೂ ಉತ್ತರ ದೊರೆಯದು.

— ಸಂಪಾದಕ