ಸಾರ್ವಜನಿಕ ಉದ್ದೇಶದ ಎಲ್ಲೆ ಎಲ್ಲಿದೆ?

ಪ್ರಶ್ನೆ: ಮಾಲೀಕರು ಒಪ್ಪದಿದ್ದರೂ ಸರ್ಕಾರವು ಅವರ ಆಸ್ತಿಯನ್ನು ವಶಪಡಿಸಿಕೊಂಡು ಮತ್ತೊಂದು ಖಾಸಗಿ ಸಂಸ್ಥೆಗೆ ಕೊಡಬಹುದೇ?

ಉತ್ತರ: ಮನಸ್ಸು ಒಪ್ಪದ ಮಾತಾದರೂ, ಕೆಲವೆಡೆ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೆಯ ತಿದ್ದುಪಡಿಯ ಪ್ರಕಾರ, ನ್ಯಾಯಯುತ ಪರಿಹಾರ ನೀಡದೆ ಖಾಸಗಿ ಆಸ್ತಿಯನ್ನು ಸಾರ್ವಜನಿಕ ಬಳಕೆಗೆ ತೆಗೆದುಕೊಳ್ಳುವಂತಿಲ್ಲ. ಆದರೆ ಯಾವುದು ಸಾರ್ವಜನಿಕ ಬಳಕೆ ಎಂಬಲ್ಲಿಯೇ ತಕರಾರು. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರಾಡಳಿತವು ಉದ್ಯೋಗ ಮತ್ತು ತೆರಿಗೆ ವರಮಾನ ಹೆಚ್ಚುತ್ತದೆಂಬ ಕಾರಣ ಕೊಟ್ಟು ಜನರ ಮನೆಗಳನ್ನು ಸ್ವಾಧೀನಪಡಿಸಿಕೊಂಡು ಖಾಸಗಿ ಅಭಿವೃದ್ಧಿಗೆ ಕೊಡಲು ಹೊರಟಾಗ, ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ 5–4ರ ಬಹುಮತದಿಂದ ಆ ಕ್ರಮವನ್ನು ಎತ್ತಿಹಿಡಿಯಿತು. ವಿವಾದದ ಕೇಂದ್ರವಾಗಿದ್ದ ಗುಲಾಬಿ ಬಣ್ಣದ ಪುಟ್ಟ ಮನೆಯನ್ನು ಬಿಚ್ಚಿ ಬೇರೆ ಬೀದಿಯಲ್ಲಿ ಮತ್ತೆ ಕಟ್ಟಲಾಯಿತು. ತೆರವಾದ ಜಾಗವಾದರೋ ವರ್ಷಗಟ್ಟಲೆ ಪಾಳು ಬಿದ್ದಿತ್ತು. ತೀರ್ಪಿನ ಬಳಿಕ 40ಕ್ಕೂ ಹೆಚ್ಚು ರಾಜ್ಯಗಳು ಇಂಥ ಸ್ವಾಧೀನಕ್ಕೆ ಮಿತಿ ಹಾಕಿದವು, ಕೆಲವು ಹೆಸರಿಗಷ್ಟೇ.