ಆಟ ನಿಂತ ಮೇಲೆ ಆಫೀಸಿನಲ್ಲಿ ಹೊಸಬಳಾದೆ

ಪ್ರಶ್ನೆ: ನನಗೆ 31 ವರ್ಷ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಅಮ್ಮನ ಜೊತೆ ಇದ್ದೇನೆ. ಶಾಲೆಯಿಂದಲೂ ಕಬಡ್ಡಿ ಆಡಿದವಳು, ಲೆಫ್ಟ್ ಕಾರ್ನರ್, ಅಂದರೆ ಎಡ ಮೂಲೆಯಲ್ಲಿ ನಿಂತು ರೇಡರ್‌ಗಳನ್ನು ಹಿಡಿಯುವವಳು. ರಾಜ್ಯ ತಂಡಕ್ಕೂ ಆಡಿದ್ದೇನೆ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಕಳೆದ ವರ್ಷ ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು (ಲಿಗಮೆಂಟ್) ಹರಿದು ಆಪರೇಷನ್ ಆಯಿತು. ಇನ್ನು ಕಬಡ್ಡಿ ಬೇಡ ಎಂದರು ಡಾಕ್ಟರು. ಪ್ರಾಕ್ಟೀಸ್‌ಗೆಂದು ಬೇಗ ಬಿಡುತ್ತಿದ್ದರಿಂದ ನಾನು ಫೈಲ್ ಕೆಲಸ ಕಲಿತೇ ಇಲ್ಲ. ಈಗ ನನಗಿಂತ ಚಿಕ್ಕವರನ್ನು ಕೇಳಬೇಕು, ನಾಚಿಕೆಯಾಗುತ್ತದೆ. ನಿದ್ದೆ ಬರುವುದಿಲ್ಲ, ತೂಕ ಏರಿದೆ. ಟಿವಿಯಲ್ಲಿ ಮ್ಯಾಚ್ ಬಂದರೆ ಎದ್ದು ಹೋಗುತ್ತೇನೆ. ಅಮ್ಮ ಮದುವೆಯ ಮಾತು ಎತ್ತುತ್ತಾಳೆ. ಪರಿಚಯದ ಕಬಡ್ಡಿ ಮಂಡಳವೊಂದು (ಕ್ಲಬ್) ಡಿಸೆಂಬರ್ ಟೂರ್ನಮೆಂಟಿಗೆ ಆಡಲು ಕರೆಯುತ್ತಿದೆ. ಹಳೆಯ ಕೋಚ್ ಹುಡುಗಿಯರಿಗೆ ಹೇಳಿಕೊಡಲು ಬಾ ಎನ್ನುತ್ತಾರೆ. ಒಂದೇ ಒಂದು ಸಲ ಆಡಲೇ? ಇಲ್ಲ, ಕೆಲಸ ಬಿಟ್ಟು ಕೋಚ್ ಆಗಲೇ?
– ಹೆಸರು ಬೇಡ

ಉತ್ತರ: ಡಿಸೆಂಬರ್ ದೂರವಿಲ್ಲ, ಹಾಗಾಗಿ ಟೂರ್ನಮೆಂಟಿನ ವಿಷಯ ಮೊದಲು. ಆಡಬೇಡಿ. ಕಾಲು ತಿರುಚಿದಾಗ ಮೊಣಕಾಲು ಜಾರದಂತೆ ಹಿಡಿಯುವುದೇ ಎಸಿಎಲ್ ಕೆಲಸ. ಕಾರ್ನರ್‌ನಲ್ಲಿ ನಿಂತವರು ರೇಡರ್ ಪಾದಕ್ಕೆ ಧುಮುಕುವಾಗ ಭಾರ ಬೀಳುವುದೂ ಅದೇ ಕಟ್ಟಿನ ಮೇಲೆ. ಇನ್ನೊಂದು ಸಲ ಹರಿದರೆ ಒಳಗಿನ ಮೆತ್ತೆಯೂ ಹಾಳಾಗಿ ಸಂಧಿವಾತ ಬೇಗ ಬರುವ ಸಾಧ್ಯತೆ ಜಾಸ್ತಿ. ನೀವು ಇನ್ನೂ ಎಷ್ಟೋ ವರ್ಷ ಆ ಕಾಲಿನಲ್ಲೇ ಲೋಕಲ್ ರೈಲು ಹತ್ತಿ ಇಳಿಯಬೇಕು. ಮಂಡಳದವರಿಗೆ "ಈ ವರ್ಷ ಆಗಲ್ಲ" ಎನ್ನಬೇಡಿ. ಮುಂದಿನ ವರ್ಷ ಮತ್ತೆ ಫೋನ್ ಬರುತ್ತದೆ. "ನಾನು ಆಡುವುದು ನಿಲ್ಲಿಸಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಿ. ಆ ಮಾತು ಬಾಯಿಂದ ಬರುವುದು ಕಷ್ಟ, ನನಗೆ ಗೊತ್ತು. ನೀವು ಇದುವರೆಗೆ ಯಾರಿಗೂ ಹಾಗೆ ಹೇಳಿಯೇ ಇಲ್ಲ ಅನಿಸುತ್ತದೆ ನನಗೆ.

ನಿಮಗೆ ಆಗಿರುವುದು ದೊಡ್ಡ ನಷ್ಟ. ಮನೆಯಲ್ಲಿ ಒಬ್ಬರು ಹೋದರೆ ನಾಲ್ಕು ಜನ ಬಂದು ಕೂರುತ್ತಾರೆ. ಆಟ ಹೋದರೆ ಯಾರೂ ಬರುವುದಿಲ್ಲ. "ಸರ್ಕಾರಿ ಕೆಲಸ ಇದೆಯಲ್ಲ, ಇನ್ನೇನು" ಅನ್ನುತ್ತಾರೆ. ಹೆಂಗಸರ ಕಬಡ್ಡಿಯಲ್ಲಂತೂ ಇದು ಇನ್ನೂ ಹೆಚ್ಚು. ಗಂಡಸರ ಪ್ರೊ ಕಬಡ್ಡಿ 2014ರಲ್ಲಿ ಶುರುವಾಗಿ ಬೆಳೆಯುತ್ತಾ ಹೋಯಿತು. ಹೆಂಗಸರಿಗೆಂದು 2016ರಲ್ಲಿ ಮೂರೇ ತಂಡಗಳ ಪಂದ್ಯಾವಳಿ ನಡೆಯಿತು, ಮರುವರ್ಷ ಮುಂದುವರಿಯಲಿಲ್ಲ. ನಿಮ್ಮಂಥ ಎಷ್ಟೋ ಹುಡುಗಿಯರು ವಿದಾಯದ ಪಂದ್ಯವಿಲ್ಲದೆ, ಹಾರವಿಲ್ಲದೆ ಮ್ಯಾಟ್‌ನಿಂದ ಇಳಿದುಹೋಗಿದ್ದಾರೆ. ಇದು ಅನ್ಯಾಯ. ನಿಮಗೆ ಸಿಟ್ಟು ಬಂದರೆ ಆ ಸಿಟ್ಟು ಸರಿಯಾದದ್ದೇ.

ಸೋತವರಿಗೆ, ಗಾಯವಾದವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಗೆದ್ದ ಮೇಲೆ ತಮ್ಮನ್ನು ಆವರಿಸಿದ ಖಾಲಿತನದ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ. ಎಷ್ಟು ಗಂಟೆಗೆ ಏಳಬೇಕು, ಏನು ತಿನ್ನಬೇಕು, ಯಾವಾಗ ಮಲಗಬೇಕು ಎಲ್ಲವನ್ನೂ ನಿಮಗೆ ಆಟವೇ ಹೇಳುತ್ತಿತ್ತು. ಈಗ ಹೇಳುವವರಿಲ್ಲ. ಹಸಿವು ಮಾತ್ರ ಹಳೆಯದೇ ಇದೆ, ಬೆವರು ಇಲ್ಲ. ತೂಕ ಏರುವುದು, ನಿದ್ದೆ ಬಾರದಿರುವುದು ಹೀಗೆಯೇ. ಪೂರ್ತಿ ಸುಮ್ನೆ ಕೂತುಬಿಡಬೇಡಿ. ನಿಮ್ಮ ಫಿಸಿಯೋ ಹತ್ತಿರ ಹೋಗಿ, ಈಜು, ಸೈಕಲ್, ತೊಡೆ ಗಟ್ಟಿ ಮಾಡುವ ವ್ಯಾಯಾಮ, ಇದರಲ್ಲಿ ಯಾವುದನ್ನು ಎಷ್ಟು ಮಾಡಬಹುದು ಎಂದು ಬರೆಸಿಕೊಳ್ಳಿ. ನಿಮ್ಮಂಥವರಿಗೆ ಬರೆದಿಟ್ಟ ಷೆಡ್ಯೂಲ್ ಇದ್ದರೆ ಮನಸ್ಸಿಗೂ ಸಮಾಧಾನ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆಫೀಸಿನ ಮಾತು. ಕೋಟಾದಲ್ಲಿ ಸೇರಿದ ಎಷ್ಟೋ ಆಟಗಾರರ ಪಾಡು ಇದೇ. ಪದಕ ತರುವಾಗ ಕಚೇರಿಯೂ ಫೋಟೊ ತೆಗೆಸಿಕೊಳ್ಳುತ್ತದೆ. ಆಟ ನಿಂತ ಮರುದಿನ, ಹತ್ತು ವರ್ಷದ ಅನುಭವ ಇರುವವರ ಹಾಗೆ ಕೆಲಸ ಮಾಡು ಎನ್ನುತ್ತದೆ. ಕೆಲಸ ಬರದಿರುವುದು ನಿಮ್ಮ ದಡ್ಡತನವಲ್ಲ, ನಿಮಗೆ ಯಾರೂ ಕಲಿಸಿಲ್ಲ. ಕೆಲಸ ಬಿಡುವ ಯೋಚನೆ ಬರುತ್ತಿರುವುದು ಕೋಚಿಂಗ್ ಮೇಲಿನ ಪ್ರೀತಿಯಿಂದಲೋ, ಆ ಮೇಜಿನಿಂದ ಎದ್ದು ಓಡಬೇಕು ಅನ್ನಿಸುವುದರಿಂದಲೋ? ಎರಡನೆಯದೇ ಅಂತ ನನಗೆ ಅನುಮಾನ. ಹಾಗಿದ್ದರೆ ಈಗ ರಾಜೀನಾಮೆ ಬೇಡವೇ ಬೇಡ.

ಮೇಲಧಿಕಾರಿಯ ಹತ್ತಿರ ಹೋಗಿ ನೇರವಾಗಿ ಕೇಳಿ: "ಇಷ್ಟು ವರ್ಷ ನಾನು ಮೈದಾನದಲ್ಲಿದ್ದೆ. ನನಗೆ ಒಂದು ವಿಭಾಗದ ಕೆಲಸ ಮೊದಲಿಂದ ಕಲಿಯಬೇಕು, ಯಾರ ಜೊತೆ ಕೂರಲಿ?" ಬಹಳ ಅಧಿಕಾರಿಗಳಿಗೆ ಈ ಮಾತು ಹಿಡಿಸುತ್ತದೆ. ಒಂದು ಫೈಲನ್ನು ಬಂದ ದಿನದಿಂದ ಮುಗಿಯುವವರೆಗೂ ನೀವೇ ಹಿಂಬಾಲಿಸಿ. ಆ ಚಿಕ್ಕ ಹುಡುಗನನ್ನೋ ಹುಡುಗಿಯನ್ನೋ ಕೇಳಲು ಸಂಕೋಚ ಬೇಡ. ತಂಡಕ್ಕೆ ಹೊಸದಾಗಿ ಬಂದವಳು ರೇಡರ್ ಪಾದದ ಗಂಟನ್ನು ಹಿಡಿಯುವ ಆಂಕಲ್ ಹೋಲ್ಡ್ ಹೇಗೆ ಮಾಡುವುದು ಎಂದು ಕೇಳಿದಾಗ ನೀವು ಅವಳನ್ನು ಕೀಳಾಗಿ ಕಂಡಿರಾ? ಇಲಾಖೆಯ ಬಡ್ತಿ ಪರೀಕ್ಷೆಗಳ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ. ನಿಮಗೆ ತಯಾರಿ ಮಾಡಲು ಒಂದು ತಾರೀಖು ಬೇಕು, ಅಲ್ವಾ?

ಕೋಚ್ ಕರೆದದ್ದು ಒಳ್ಳೆಯ ವಿಷಯ. ಭಾನುವಾರ ಬೆಳಿಗ್ಗೆ ಮಾತ್ರ ಹೋಗಿ ನೋಡಿ. ಮೊದಲು ಅಳು ಬರಬಹುದು. ಬರಲಿ. ಒಂದಷ್ಟು ತಿಂಗಳಾದ ಮೇಲೂ ಹೋಗಬೇಕು ಅನ್ನಿಸಿದರೆ ಆಗ ಪಟಿಯಾಲದ ನೇತಾಜಿ ಸುಭಾಷ್ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬಗ್ಗೆ ವಿಚಾರಿಸಿ, ಕಚೇರಿಯಲ್ಲಿ ರಜೆಗೂ ಕೇಳಿ. ಆಟ ನಿಲ್ಲಿಸಿದ 20ರಿಂದ 50 ವರ್ಷದವರಿಗೆಂದೇ ಕೇಂದ್ರ ಕ್ರೀಡಾ ಸಚಿವಾಲಯ 2024ರಲ್ಲಿ ರೀಸೆಟ್ ಎಂಬ ತರಬೇತಿ ಶುರು ಮಾಡಿದೆ. ಅರ್ಜಿ ಈಗ ತೆರೆದಿದೆಯೇ ಎಂದು ಸಚಿವಾಲಯದ ಜಾಲತಾಣದಲ್ಲಿ ನೋಡಿ. ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಆಡಿದರು, ಆಮೇಲೆ ಭಾರತದ ಮಹಿಳಾ ತಂಡಕ್ಕೇ ಕೋಚ್ ಆದರು. ಆ ದಾರಿ ಇದೆ. ಅದಕ್ಕಾಗಿ ಸಂಬಳ ಇವತ್ತೇ ಬಿಡಬೇಕಿಲ್ಲ.

ಟಿವಿಯಲ್ಲಿ ಮ್ಯಾಚ್ ನೋಡಲಾಗದಿದ್ದರೆ ನೋಡಬೇಡಿ. ಅದರಲ್ಲಿ ತಪ್ಪೇನೂ ಇಲ್ಲ.

ಅಮ್ಮನಿಗೆ ಮದುವೆ ಬೇಕು ಬೇಡ ಎಂಬ ಉತ್ತರ ಕೊಡುವ ಮೊದಲು ನಿಮ್ಮ ದುಃಖ ಹೇಳಿ. ಮಗಳು ಸುಮ್ಮನೆ ಕೂತಿರುವುದನ್ನು ನೋಡಿ ಅವರಿಗೆ ಭಯವಾಗಿದೆ. ಅವರಿಗೆ ಗೊತ್ತಿರುವ ಮದ್ದು ಮದುವೆ ಒಂದೇ ಇರಬೇಕು. "ಒಂದು ವರ್ಷ ಆ ಮಾತು ಬೇಡ ಅಮ್ಮಾ, ನನಗೆ ಇನ್ನೂ ಆಟದ ನೋವು ಹೋಗಿಲ್ಲ" ಎಂದರೆ ಅವರಿಗೆ ಅರ್ಥವಾಗುತ್ತದೆ.

ನಿದ್ದೆ ವಾರಗಟ್ಟಲೆ ಸರಿಹೋಗದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಸರಿ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರಿಗೆ ಫೋನ್ ಮಾಡಿ. ಇದು ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಕನ್ನಡದಲ್ಲೂ ಮಾತಾಡಬಹುದು. ಮನೆಯಲ್ಲಿ ಅಮ್ಮನ ಎದುರು ಆಗದಿದ್ದರೆ ಆಫೀಸಿನ ಊಟದ ಹೊತ್ತಿನಲ್ಲಿ ಹೊರಗೆ ಬಂದು ಮಾಡಿ.