ಹರಾಲ್ಡ್ ಬ್ಲೂಟೂತ್: ಶಾಸನದ ಮಾತು, ನೆಲದ ಸಾಕ್ಷ್ಯ

ಪ್ರಶ್ನೆ: ಮೊಬೈಲಿನ ಬ್ಲೂಟೂತ್ ತಂತ್ರಜ್ಞಾನಕ್ಕೆ ವೈಕಿಂಗ್ ದೊರೆಯೊಬ್ಬನ ಹೆಸರಿಟ್ಟಿದ್ದಾರೆಂದು ಓದಿದೆ. ಆ ದೊರೆ ಯಾರು? ಅವನು ಡೆನ್ಮಾರ್ಕನ್ನು ಒಂದುಗೂಡಿಸಿದನೆಂಬುದು ಇತಿಹಾಸವೋ, ಐತಿಹ್ಯವೋ?

ಉತ್ತರ: ಬಹುಮಟ್ಟಿಗೆ ಇತಿಹಾಸವೇ. ಆತ ಡೆನ್ಮಾರ್ಕಿನ ದೊರೆ ಹರಾಲ್ಡ್. ತಂದೆ ಗೋರ್ಮ್ ಸುಮಾರು 958ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದು, 980ರ ದಶಕದ ಮಧ್ಯದವರೆಗೆ ಆಳಿದವನು. ‘ಬ್ಲೂಟೂತ್’ ಎಂಬ ಅಡ್ಡಹೆಸರು ಕಾಣಿಸಿಕೊಳ್ಳುವುದು ಅವನ ಕಾಲದ ಬಹಳ ನಂತರದ ಬರಹಗಳಲ್ಲಿ. ನಾಡುಗಳನ್ನು ಕೂಡಿಸಿದವನೆಂಬ ಕಾರಣಕ್ಕೆ, ಸಾಧನಗಳನ್ನು ಕೂಡಿಸುವ ತಂತ್ರಜ್ಞಾನಕ್ಕೆ 1990ರ ದಶಕದಲ್ಲಿ ಆ ಹೆಸರು ಬಂತು.

ವೈಕಿಂಗರು, ಅಂದರೆ ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರು; ಅವರ ದೊರೆಗಳಲ್ಲಿ ಹಲವರ ಕಥೆ ನಮಗೆ ದೊರೆತಿರುವುದು ಅವರಿಂದ ಪೆಟ್ಟು ತಿಂದ ದೇಶಗಳ ಪಾದ್ರಿಗಳ ಬರಹದಿಂದ, ಇಲ್ಲವೇ ಶತಮಾನಗಳ ಬಳಿಕ ರಚನೆಯಾದ ಗ್ರಂಥಗಳಿಂದ. ಹರಾಲ್ಡನಾದರೋ ತಾನೇ ಕೆತ್ತಿಸಿದ ಶಾಸನವನ್ನು ಡೆನ್ಮಾರ್ಕಿನ ಜಟ್ಲೆಂಡ್ ಪರ್ಯಾಯದ್ವೀಪದ ಯೆಲ್ಲಿಂಗ್ ಎಂಬಲ್ಲಿ ಬಿಟ್ಟುಹೋಗಿದ್ದಾನೆ. ತಂದೆ ಗೋರ್ಮ್ ಮತ್ತು ತಾಯಿ ಥೈರಾ ಇವರ ನೆನಪಿಗಾಗಿ ನಿಲ್ಲಿಸಿದ ಆ ಬಂಡೆಯ ಮೇಲೆ, ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದುಕೊಂಡವನು, ಡೇನರನ್ನು ಕ್ರೈಸ್ತರನ್ನಾಗಿಸಿದವನು ತಾನೆಂದು ಅಲ್ಲಿನ ಪ್ರಾಚೀನ ರೂನ್ ಲಿಪಿಯಲ್ಲಿ ಬರೆಸಿದ್ದಾನೆ. ದೊರೆ ತನ್ನನ್ನು ತಾನೇ ಹೊಗಳಿಕೊಂಡ ಶಾಸನವನ್ನು ಹಾಗೆಯೇ ನಂಬಲಾಗದು. ಅದಕ್ಕೆ ನೆಲದೊಳಗಿನ ಸಾಕ್ಷ್ಯ ಬೇಕು.

ಡೆನ್ಮಾರ್ಕಿನ ಮಟ್ಟಿಗೆ ಆ ಸಾಕ್ಷ್ಯ ಬೆರಗುಗೊಳಿಸುವಷ್ಟಿದೆ. 980ರ ಸುಮಾರಿಗೆ ಟ್ರೆಲೆಬೋರ್ಗ್, ಫ್ಯುರ್ಕಾಟ್, ಆಗರ್ಸ್‌ಬೋರ್ಗ್ ಮೊದಲಾದೆಡೆ ಒಂದೇ ನಕ್ಷೆಯಂತೆ ವೃತ್ತಾಕಾರದ ಕೋಟೆಗಳು ಎದ್ದವು: ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಅವುಗಳನ್ನು ಸೇರಿಸುವ ಎರಡು ನೇರ ಬೀದಿ. ಆಗರ್ಸ್‌ಬೋರ್ಗಿನ ಒಳವ್ಯಾಸವೇ 240 ಮೀಟರ್. ಯೆಲ್ಲಿಂಗಿನ ದಕ್ಷಿಣಕ್ಕಿರುವ ಜೌಗು ಕಣಿವೆಯ ಮೇಲೆ ಸುಮಾರು 760 ಮೀಟರ್ ಉದ್ದದ ಮರದ ಸೇತುವೆಯೂ ಅದೇ ಕಾಲದ್ದು. ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಈ ಕಾಲವನ್ನು ನಿರ್ಣಯಿಸಲಾಗಿದೆ. ದೂರದೂರದ ಪ್ರದೇಶಗಳಿಂದ ಆಳುಗಳನ್ನೂ ಮರವನ್ನೂ ಕೂಡಿಸಿ ಇಷ್ಟನ್ನು ಕಟ್ಟಿಸಬಲ್ಲವನು ಕೇವಲ ದಂಡಯಾತ್ರೆಯ ನಾಯಕನಲ್ಲ, ಆಡಳಿತ ಬಲ್ಲ ಅರಸ. ಹರಾಲ್ಡನ ನಿಜವಾದ ಹಿರಿಮೆ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ನಾರ್ವೆಯ ಮಾತು ಅಷ್ಟು ಗಟ್ಟಿಯಲ್ಲ. ಅಲ್ಲಿ ಅವನ ಅಧೀನನಾಗಿ ಆಳುತ್ತಿದ್ದ ಹಾಕೋನ್ ಎಂಬ ಸಾಮಂತ ಮುಂದೆ ಸ್ವತಂತ್ರನಾದ.

ಮತಾಂತರ ನಡೆದದ್ದು 965ರ ಆಸುಪಾಸಿನಲ್ಲಿ. ಪೊಪ್ಪೊ ಎಂಬ ಪಾದ್ರಿ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದೂ ಸುಡದೆ ಉಳಿದದ್ದನ್ನು ಕಂಡು ದೊರೆ ಮನಸ್ಸು ಬದಲಿಸಿದನೆಂದು ಆ ಕಾಲದ ಸ್ಯಾಕ್ಸನ್ ಇತಿಹಾಸಕಾರ ವಿಡುಕಿಂಡ್ ಬರೆಯುತ್ತಾನೆ. ದಕ್ಷಿಣದ ಗಡಿಯಲ್ಲಿ ಜರ್ಮನಿಯ ಪ್ರಬಲ ಚಕ್ರವರ್ತಿ ಒಟ್ಟೊ ಇದ್ದನೆಂಬುದನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಹೊಸ ಧರ್ಮ ಭಕ್ತಿಯಷ್ಟೇ ರಾಜನೀತಿಯೂ ಆಗಿದ್ದಿರಬಹುದು. ಯೆಲ್ಲಿಂಗಿನ ಬಂಡೆಯ ಒಂದು ಮುಖದಲ್ಲಿ ಬಳ್ಳಿಗಳ ನಡುವೆ ಕೈಚಾಚಿ ನಿಂತ ಕ್ರಿಸ್ತನಿದ್ದಾನೆ; ಈ ಚಿತ್ರ ಇಂದು ಡೆನ್ಮಾರ್ಕಿನ ಪಾಸ್‌ಪೋರ್ಟಿನಲ್ಲಿಯೂ ಇದೆ.

ಕೊನೆಗೆ ಮಗ ಸ್ವೇನನೇ ದಂಗೆಯೆದ್ದ. ಸೋತ ಹರಾಲ್ಡ್ ದೇಶ ಬಿಟ್ಟು ಓಡಿ, ಗಾಯಗಳಿಂದ ಸತ್ತ. ಕೋಟೆಗಳು ಬೇಗನೆ ಪಾಳುಬಿದ್ದವು. ಆದರೆ ತಂದೆಯನ್ನು ಉರುಳಿಸಿದ ಸ್ವೇನ್ ತಂದೆ ಕೂಡಿಸಿದ ರಾಜ್ಯವನ್ನು ಒಡೆಯಲು ಬಿಡಲಿಲ್ಲ. ಆ ಬಲದಿಂದಲೇ ಅವನು 1013ರಲ್ಲಿ ಇಂಗ್ಲೆಂಡನ್ನು ಗೆದ್ದ. ಹರಾಲ್ಡನ ಮೊಮ್ಮಗ ಕ್ನೂಟ್ 1016ರಲ್ಲಿ ಇಂಗ್ಲೆಂಡಿನ, 1028ರಲ್ಲಿ ನಾರ್ವೆಯ ಅರಸನಾದ.